ಯಾದಗಿರಿಯ ನೆರೆಹೊರೆ ಯಾವುದು? ಬಡತನದ ನಕ್ಷೆಯ ಒಂದು ಕೈಲೆಕ್ಕ

ಸಂಕ್ರಾಂತಿ ಕಳೆದು ಕೆಲವು ದಿನವಾಗಿತ್ತು. ಯಾದಗಿರಿ ರೈಲು ನಿಲ್ದಾಣದಲ್ಲಿ ಬೆಂಗಳೂರು ಕಡೆಯ ಗಾಡಿಗೆ ಕಾಯುತ್ತಿದ್ದ ಒಂದು ಕುಟುಂಬದ ಪಕ್ಕದಲ್ಲಿ ನಾನೂ ಕೂತಿದ್ದೆ. ಯೂರಿಯಾ ಚೀಲದಲ್ಲಿ ಜೋಳದ ಹಿಟ್ಟು, ಹಗ್ಗ ಬಿಗಿದ ಕೌದಿ ಗಂಟು, ಮಸಿ ಹಿಡಿದ ಅಲ್ಯೂಮಿನಿಯಂ ಬೋಗುಣಿ, ಅದರೊಳಗೆ ರೊಟ್ಟಿ ಸುಡುವ ಹಂಚು. ಗಂಡ, ಹೆಂಡತಿ, ಎಂಟೊಂಬತ್ತು ವರ್ಷದ ಒಬ್ಬ ಹುಡುಗ.

"ಎಲ್ಲಿಗೆ ಹೊಂಟೀರವ್ವಾ?" ಅಂದೆ.

"ಬೆಂಗಳೂರಿಗ್ರೀ, ಗೌಂಡಿ ಕೆಲಸಕ್ಕ. ಮಳಿ ಬಿತ್ತಂದ್ರ ತಿರುಗಿ ಬರ್ತೀವ್ರಿ."

"ಇವನ ಸಾಲಿ?"

"ಸಾಲಿ ಊರಾಗೇ ಐತ್ರೀ. ಇವ ನಮ್ಮ ಕೂಡ ಬರ್ತಾನ."

ಆ ಕಡೆ ಇದಕ್ಕೆ ಗುಳೆ ಹೋಗುವುದು ಅನ್ನುತ್ತಾರೆ. ಆ ತಾಯಿಯ ಮಾತು ನನ್ನನ್ನು ಬಹಳ ದಿನ ಕಾಡಿತು. ಶಾಲೆ ಒಂದು ಕಡೆ, ಕಲಿಯಬೇಕಾದ ಹುಡುಗ ಇನ್ನೊಂದು ಕಡೆ. ಬಡತನದ ನಕ್ಷೆ ಬಿಡಿಸುವಾಗ ಈ ಹುಡುಗನನ್ನು ಯಾವ ಜಿಲ್ಲೆಯ ಬಣ್ಣಕ್ಕೆ ಸೇರಿಸಬೇಕು? ಮುಂದೆ ಬರೆದಿರುವುದೆಲ್ಲ ಈ ಪ್ರಶ್ನೆಯ ಬೆನ್ನು ಹತ್ತಿ ಮಾಡಿದ ಲೆಕ್ಕ. ಕಾಗದ, ಪೆನ್ಸಿಲ್ಲು, ಕ್ಯಾಲ್ಕುಲೇಟರ್ ಇದ್ದರೆ ಯಾರು ಬೇಕಾದರೂ ಮಾಡಿ ನೋಡಬಹುದು.

ಮೊದಲು ಯಾದಗಿರಿಯ ಸ್ಥಿತಿ. ನೀತಿ ಆಯೋಗ 2021ರಲ್ಲಿ ಹೊರತಂದ ಬಹು ಆಯಾಮದ ಬಡತನ ಸೂಚ್ಯಂಕವು ಆರೋಗ್ಯ, ಶಿಕ್ಷಣ, ಜೀವನಮಟ್ಟ ಎಂಬ ಮೂರು ಮುಖಗಳಲ್ಲಿ 12 ಸೂಚಕಗಳನ್ನು ಅಳೆಯುತ್ತದೆ. ಅದಕ್ಕೆ ಆಧಾರ 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅದರ ಪ್ರಕಾರ ಕರ್ನಾಟಕದಲ್ಲಿ ಬಡವರು ಶೇ 13ರಷ್ಟು; ಯಾದಗಿರಿಯಲ್ಲಿ ಶೇ 40ಕ್ಕೂ ಹೆಚ್ಚು. 2019-21ರ ಸಮೀಕ್ಷೆಯ ಹೊತ್ತಿಗೆ ರಾಜ್ಯದ ಅಂಕಿ ಶೇ 7.58ಕ್ಕೆ ಇಳಿಯಿತು. ಯಾದಗಿರಿಯದ್ದೂ ಇಳಿಯಿತು, ಆದರೆ ಆಗಲೂ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಬಡವರು, ಆಗಲೂ ರಾಜ್ಯದಲ್ಲಿ ಕೊನೆಯ ಸ್ಥಾನ.

ಇದು ಹೊಸ ಸುದ್ದಿಯಲ್ಲ. ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 2002ರಲ್ಲೇ 35 ಸೂಚಕಗಳನ್ನು ಹಿಡಿದು ರಾಜ್ಯದ 175 ತಾಲ್ಲೂಕುಗಳನ್ನು ತೂಗಿ ನೋಡಿತ್ತು. 114 ತಾಲ್ಲೂಕು ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಆ 39ರಲ್ಲಿ 21 ತಾಲ್ಲೂಕು ಕಲಬುರಗಿ ವಿಭಾಗವೊಂದರಲ್ಲೇ ಇದ್ದವು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆಯನ್ನೂ ಸಮಿತಿ ಸೂಚಿಸಿತು. ಕರ್ನಾಟಕದಲ್ಲಿ ಪ್ರಾದೇಶಿಕ ಅಸಮಾನತೆಯ ಬಗ್ಗೆ ಇಷ್ಟು ಶ್ರದ್ಧೆಯ ಕೆಲಸ ಅದಕ್ಕೂ ಮೊದಲು ಆಗಿರಲಿಲ್ಲ. ಇವತ್ತಿಗೂ ಆ ವರದಿಯ ಹೆಸರಿಲ್ಲದೆ ಈ ಚರ್ಚೆ ನಡೆಯುವುದಿಲ್ಲ.

ಆದರೆ ಆ ಲೆಕ್ಕದಲ್ಲಿ ಒಂದು ಪ್ರಶ್ನೆಗೆ ಜಾಗವಿರಲಿಲ್ಲ. ಪ್ರತಿ ತಾಲ್ಲೂಕನ್ನೂ ರಾಜ್ಯದ ಸರಾಸರಿಯ ಎದುರು ಒಂಟಿಯಾಗಿ ನಿಲ್ಲಿಸಿ ಅಳೆದರು. ಸರಾಸರಿ 1 ಎಂದಾದರೆ ನೀನು ಎಷ್ಟು ಎಂದು ಕೇಳಿದರು, ನಿನ್ನ ಪಕ್ಕದವರು ಹೇಗಿದ್ದಾರೆ ಎಂದು ಕೇಳಲಿಲ್ಲ. ಸ್ಪೇಶಿಯಲ್ ಸ್ಟಾಟಿಸ್ಟಿಕ್ಸ್, ಅಂದರೆ ಯಾವುದು ಯಾವುದರ ಪಕ್ಕದಲ್ಲಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುವ ಸಂಖ್ಯಾಶಾಸ್ತ್ರ, ಶುರುವಾಗುವುದೇ ಈ ಎರಡನೆಯ ಪ್ರಶ್ನೆಯಿಂದ.

ಪಕ್ಕದವರ ಲೆಕ್ಕ

ಜಿಲ್ಲಾವಾರು ಬಡತನದ ಅಂಕಿ ಸಮೀಕ್ಷೆಯಿಂದ ಬರುತ್ತದೆ, ಎಲ್ಲ ಮನೆಗಳನ್ನೂ ನೋಡದೆ ಆಯ್ದ ಕೆಲವನ್ನಷ್ಟೇ ನೋಡುವುದರಿಂದ ಅದರಲ್ಲಿ ಏರುಪೇರು ಇರುತ್ತದೆ. ಅದಕ್ಕೇ ನಾನು 2011ರ ಜನಗಣತಿಯ ಸಾಕ್ಷರತೆಯನ್ನು ಎತ್ತಿಕೊಂಡೆ. ಅದು ಮನೆ ಮನೆ ಎಣಿಸಿದ ಸಂಖ್ಯೆ. ಸಾಕ್ಷರತೆಯೇ ಬಡತನವಲ್ಲ, ನಿಜ. ಆದರೂ ಬಡತನ ತಲೆಮಾರು ದಾಟಿ ಬಂದಿದೆಯೇ ಎಂದು ತಿಳಿಯಲು ನಮ್ಮಲ್ಲಿ ಅದಕ್ಕಿಂತ ನಂಬುವಂಥ ಗುರುತು ಕಡಿಮೆ.

ಆಗಿದ್ದ 30 ಜಿಲ್ಲೆಗಳ ಸಾಕ್ಷರತೆಯನ್ನು ಕೂಡಿ 30ರಿಂದ ಭಾಗಿಸಿದರೆ ಸರಾಸರಿ 73.66 ಬರುತ್ತದೆ. ದಕ್ಷಿಣ ಕನ್ನಡ 88.57, ಬೆಂಗಳೂರು ನಗರ 87.67, ಉಡುಪಿ 86.24 ಮೇಲಿನ ತುದಿಯಲ್ಲಿವೆ. ಕೆಳಗಿನ ತುದಿಯಲ್ಲಿ ಯಾದಗಿರಿ 51.83, ರಾಯಚೂರು 59.56, ಚಾಮರಾಜನಗರ 61.43, ಕಲಬುರಗಿ 64.85.

ಈಗ ಲೆಕ್ಕ. ಪ್ರತಿ ಜಿಲ್ಲೆಯ ಅಂಕಿಯಿಂದ ಸರಾಸರಿಯನ್ನು ಕಳೆಯಬೇಕು. ಯಾದಗಿರಿಗೆ −21.83, ರಾಯಚೂರಿಗೆ −14.10, ಬೆಂಗಳೂರು ನಗರಕ್ಕೆ +14.01, ಹೀಗೆ. ಆಮೇಲೆ ಗಡಿ ಹಂಚಿಕೊಂಡ ಪ್ರತಿ ಎರಡು ಜಿಲ್ಲೆಗಳ ಅಂತರವನ್ನು ಒಂದಕ್ಕೊಂದು ಗುಣಿಸಬೇಕು. ಎರಡೂ ಸರಾಸರಿಗಿಂತ ಕೆಳಗಿದ್ದರೆ ಗುಣಲಬ್ಧ ಧನ, ಎರಡೂ ಮೇಲಿದ್ದರೂ ಧನ. ಒಂದು ಮೇಲೆ, ಇನ್ನೊಂದು ಕೆಳಗೆ ಇದ್ದರೆ ಋಣ. ಯಾದಗಿರಿ–ರಾಯಚೂರು ಜೋಡಿಗೆ +308 ಬರುತ್ತದೆ. ಉಡುಪಿ–ದಕ್ಷಿಣ ಕನ್ನಡ ಜೋಡಿಗೆ +188. ರಾಮನಗರ–ಬೆಂಗಳೂರು ನಗರ ಜೋಡಿಗೆ −62, ಏಕೆಂದರೆ ಅಲ್ಲಿ ಗಡಿ ದಾಟಿದ ಕೂಡಲೇ ಲೋಕವೇ ಬೇರೆ. ನನ್ನ ಎಣಿಕೆಯಲ್ಲಿ ಇಂಥ 66 ಜೋಡಿಗಳು ಸಿಕ್ಕವು. ಎಲ್ಲವನ್ನೂ ಕೂಡಿ 66ರಿಂದ ಭಾಗಿಸಿ, ಬಂದದ್ದನ್ನು 30 ಜಿಲ್ಲೆಗಳ ಅಂತರಗಳ ವರ್ಗದ ಸರಾಸರಿಯಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಮೊರಾನ್ಸ್ ಐ ಎಂದು ಹೆಸರು. ಆಸ್ಟ್ರೇಲಿಯಾದ ಸಂಖ್ಯಾಶಾಸ್ತ್ರಜ್ಞ ಮೊರಾನ್ 1950ರಲ್ಲಿ ಕೊಟ್ಟ ಅಳತೆ ಅದು.

ನನಗೆ ಬಂದ ಉತ್ತರ 0.50.

ಪಕ್ಕದವರು ಹೇಗಿದ್ದರೂ ತಮಗೆ ಸಂಬಂಧವಿಲ್ಲ ಎನ್ನುವಂತೆ ಅಂಕಿಗಳು ಚದುರಿದ್ದರೆ ಈ ಸಂಖ್ಯೆ ಸೊನ್ನೆಯ ಆಸುಪಾಸಿನಲ್ಲಿ, 30 ಜಿಲ್ಲೆಗೆ −0.03ರ ಹತ್ತಿರ ಇರಬೇಕಿತ್ತು. ಅದೃಷ್ಟದ ಆಟಕ್ಕೆ ಅತ್ತಿತ್ತ ಸರಿದರೂ 0.2ರ ಆಚೆ ಹೋಗುವುದು ಅಪರೂಪ. 0.50 ಬಂದಿದೆ ಅಂದರೆ ಕರ್ನಾಟಕದಲ್ಲಿ ಕೊರತೆ ಕೊರತೆಯ ಪಕ್ಕದಲ್ಲೂ ಅನುಕೂಲ ಅನುಕೂಲದ ಪಕ್ಕದಲ್ಲೂ ಗಟ್ಟಿಯಾಗಿ ಕೂತಿವೆ. ಬೆಂಗಳೂರು ನಗರ ಮತ್ತು ಕೋಲಾರದ ಗಡಿಯಂಥ ಒಂದೆರಡು ಜೋಡಿಗಳನ್ನು ಸೇರಿಸಬೇಕೋ ಬೇಡವೋ ಎಂಬ ತಕರಾರು ಇದ್ದೇ ಇದೆ. ಅದನ್ನು ಸೇರಿಸಿಯೂ ನೋಡಿದೆ, ಸಂಖ್ಯೆ ಅರ್ಧದಿಂದ ಕದಲಲಿಲ್ಲ.

ಇಲ್ಲಿ ನನ್ನ ಕಣ್ಣು ನಿಂತಿದ್ದು ಒಟ್ಟು ಮೊತ್ತದ ಮೇಲಲ್ಲ, ಅದರೊಳಗಿನ ಪಾಲುಗಳ ಮೇಲೆ. ಯಾದಗಿರಿಗೆ ರಾಜ್ಯದೊಳಗೆ ಮೂರೇ ನೆರೆ ಜಿಲ್ಲೆ: ಕಲಬುರಗಿ, ರಾಯಚೂರು, ವಿಜಯಪುರ. 66 ಜೋಡಿಗಳಲ್ಲಿ ಈ ಮೂರೇ ಸೇರಿ ಒಟ್ಟು ಮೊತ್ತದ ಶೇ 29ರಷ್ಟನ್ನು ತುಂಬುತ್ತವೆ. ಕಡಿಮೆಯ ನಡುವೆ ಕಡಿಮೆ ಇರುವ ಇಂಥ ಗುಂಪನ್ನು ಜಿಲ್ಲೆ ಜಿಲ್ಲೆಯಾಗಿ ಬಿಡಿಸಿ ತೋರಿಸುವ ವಿಧಾನವನ್ನು ಲೂಕ್ ಆನ್ಸೆಲಿನ್ 1995ರಲ್ಲಿ ರೂಪಿಸಿದರು. ಈಗ ಜಿಯೋಡಾ ಎಂಬ ಉಚಿತ ಸಾಫ್ಟ್‌ವೇರ್ ಅದನ್ನು ನಿಮಿಷದಲ್ಲಿ ಮಾಡಿಕೊಡುತ್ತದೆ. ಆದರೂ ಒಮ್ಮೆ ಕೈಯಲ್ಲೇ ಮಾಡಿ ನೋಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಯಾವ ಜೋಡಿ ಎಷ್ಟು ಭಾರ ಹಾಕುತ್ತಿದೆ ಎಂಬುದು ಆಗ ಬೆರಳಿಗೇ ಗೊತ್ತಾಗುತ್ತದೆ.

ಗೆರೆ ಎಳೆದಂತೆ ಬಡತನ

ಯಾದಗಿರಿ ಜಿಲ್ಲೆಯಾದದ್ದು 2010ರಲ್ಲಿ. ಅಲ್ಲಿಯವರೆಗೆ ಅದು ಕಲಬುರಗಿಯ ಒಡಲಿನಲ್ಲೇ ಇತ್ತು. ಜಿಲ್ಲೆ ಒಡೆಯದೆಯೇ 2011ರ ಜನಗಣತಿ ನಡೆದಿದ್ದರೆ ಏನಾಗುತ್ತಿತ್ತು? ಕಲಬುರಗಿಯ ಜನಸಂಖ್ಯೆ ಆಗ ಸುಮಾರು 25.7 ಲಕ್ಷ, ಯಾದಗಿರಿಯದು 11.7 ಲಕ್ಷ. ಆ ತೂಕದಲ್ಲಿ ಬೆರೆಸಿದರೆ ಅವಿಭಜಿತ ಜಿಲ್ಲೆಯ ಸಾಕ್ಷರತೆ ಸುಮಾರು 60.8 ಬರುತ್ತದೆ. ಆಗ ರಾಜ್ಯದಲ್ಲೇ ಕಡಿಮೆ ಎಂಬ ಸ್ಥಾನ ರಾಯಚೂರಿನ 59.56ಕ್ಕೆ ಹೋಗುತ್ತದೆ. 51.83 ಎಂಬ ಸಂಖ್ಯೆಯೇ ಎಲ್ಲೂ ಕಾಣುವುದಿಲ್ಲ. ಜನ ಅವರೇ, ಮನೆಗಳು ಅವೇ. ನಕ್ಷೆಯ ಮೇಲೆ ಒಂದು ಗೆರೆ ಇಲ್ಲ, ಅಷ್ಟೆ.

ಹಾಗಿದ್ದರೆ ಮೊರಾನ್ ಸಂಖ್ಯೆ ಎಷ್ಟು ಬದಲಾದೀತು? 29 ಜಿಲ್ಲೆ, 64 ಜೋಡಿ ಇಟ್ಟುಕೊಂಡು ಮತ್ತೆ ಲೆಕ್ಕ ಮಾಡಿದೆ. 0.49 ಬಂತು. ಇದು ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿತು. ರಾಜ್ಯದ ಅತ್ಯಂತ ಕೊರತೆಯ ಜಿಲ್ಲೆಯೇ ನಕ್ಷೆಯಿಂದ ಮಾಯವಾದರೂ ಒಟ್ಟು ಸಂಖ್ಯೆಗೆ ಅದು ಗೊತ್ತೇ ಆಗಲಿಲ್ಲ. ಬಡತನ ಗುಂಪುಗೂಡಿದೆ ಎಂದು ಅದು ಮೊದಲಿನಷ್ಟೇ ಜೋರಾಗಿ ಹೇಳಿತು, ಆದರೆ ಎಲ್ಲಿ ಎಂಬುದರಲ್ಲಿ ತಪ್ಪಿತು. ಸಂಶೋಧನಾ ಲೇಖನಗಳಲ್ಲಿ ಮೊರಾನ್ ಸಂಖ್ಯೆಯೊಂದನ್ನೇ ಕೊಟ್ಟು ಮುಂದೆ ಹೋಗುವುದನ್ನು ಕಂಡಾಗೆಲ್ಲ ಈ ಲೆಕ್ಕ ನೆನಪಾಗುತ್ತದೆ.

ಇದೇ ತರ್ಕವನ್ನು ಕೆಳಕ್ಕೆ ಇಳಿಸಿದರೆ ಇನ್ನೊಂದು ಭಯ ಹುಟ್ಟುತ್ತದೆ. ಯಾದಗಿರಿ ಜಿಲ್ಲೆಯೊಳಗೆ ಆಗ ಇದ್ದದ್ದು ಮೂರು ತಾಲ್ಲೂಕು: ಯಾದಗಿರಿ, ಶಹಾಪುರ, ಸುರಪುರ. ಈಗ ಗುರುಮಠಕಲ್, ಹುಣಸಗಿ, ವಡಗೇರಾ ಸೇರಿ ಆರಾಗಿವೆ. ರಾಜ್ಯದ ತಾಲ್ಲೂಕುಗಳ ಸಂಖ್ಯೆಯೂ 230 ದಾಟಿದೆ. ಈ ಹೊಸ ಗೆರೆಗಳೊಳಗೆ ಇನ್ನಾವ 51.83 ಅಡಗಿದೆಯೋ. ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲೆಗೆ ಸರಾಸರಿ ಸಾವಿರಕ್ಕೂ ಕಡಿಮೆ ಮನೆಗಳನ್ನು ನೋಡುತ್ತದೆ. ಅದನ್ನು ಆರು ತಾಲ್ಲೂಕಿಗೆ ಹಂಚಿದರೆ ಉಳಿಯುವುದು ತಾಲ್ಲೂಕಿಗೆ ನೂರೈವತ್ತರಷ್ಟು ಮನೆ. ಅಷ್ಟರಿಂದ ತಾಲ್ಲೂಕಿನ ಬಡತನವನ್ನು ಖಚಿತವಾಗಿ ಹೇಳಲಾಗದು. ಜನಗಣತಿ ಮತ್ತು ಸಮೀಕ್ಷೆ ಎರಡನ್ನೂ ಜೋಡಿಸಿ ಸಣ್ಣ ಪ್ರದೇಶದ ಅಂದಾಜು ಮಾಡುವ ವಿಧಾನಗಳಿವೆ. ವಿಶ್ವಬ್ಯಾಂಕ್ ಹಲವು ದೇಶಗಳ ಬಡತನದ ನಕ್ಷೆಯನ್ನು ಹಾಗೆಯೇ ಮಾಡಿದೆ. ಕೆಲವು ವಿಧಾನಗಳು ಅಂಕಿ ಸಾಲದ ಕಡೆ ಪಕ್ಕದ ಪ್ರದೇಶದಿಂದ ಬಲವನ್ನು ಕಡ ತರುತ್ತವೆ. ಆದರೆ ಪಕ್ಕದ್ದು ಚೆನ್ನಾಗಿದ್ದರೆ ಬಡ ತಾಲ್ಲೂಕು ಕೂಡ ನಕ್ಷೆಯಲ್ಲಿ ಸ್ವಲ್ಪ ಚೆನ್ನಾಗಿಯೇ ಕಾಣುತ್ತದೆ. ಕಡಕ್ಕೆ ಬಡ್ಡಿ ಇದ್ದೇ ಇದೆ.

ರಾಜ್ಯದ ಗಡಿಯಾಚೆ

ಇಲ್ಲಿಯವರೆಗಿನ ಲೆಕ್ಕದಲ್ಲಿ ನಾನೂ ಒಂದು ತಪ್ಪು ಮಾಡಿದ್ದೇನೆ. ಕರ್ನಾಟಕದ ಗಡಿಯಲ್ಲಿ ಲೋಕ ಮುಗಿಯಿತು ಎಂದುಕೊಂಡಿದ್ದೇನೆ. ಗುರುಮಠಕಲ್ ಕಡೆ ಹೋಗಿ ನೋಡಿದರೆ ಗೊತ್ತಾಗುತ್ತದೆ, ಅಲ್ಲಿ ಕನ್ನಡ ತೆಲುಗು ಎರಡೂ ಒಂದೇ ನಾಲಿಗೆಯಲ್ಲಿ ಆಡುತ್ತವೆ, ಸಂತೆ-ಸಂಬಂಧಗಳೆಲ್ಲ ತೆಲಂಗಾಣದ ನಾರಾಯಣಪೇಟೆಯವರೆಗೆ ಹಬ್ಬಿವೆ. ನಾರಾಯಣಪೇಟೆ 2011ರಲ್ಲಿ ಮಹಬೂಬ್‌ನಗರ ಜಿಲ್ಲೆಯಲ್ಲಿತ್ತು. ಆ ಜಿಲ್ಲೆಯ ಸಾಕ್ಷರತೆ 55.04. ರಾಜ್ಯದೊಳಗಿನ ಮೂರು ನೆರೆ ಜಿಲ್ಲೆಗಳ ಸರಾಸರಿ 63.9 ಇದ್ದದ್ದು ಮಹಬೂಬ್‌ನಗರ ಸೇರಿದರೆ 61.7ಕ್ಕೆ ಇಳಿಯುತ್ತದೆ. ಕೊರತೆಯ ಪಟ್ಟಿ ಗಡಿಯಲ್ಲಿ ನಿಲ್ಲದೆ ಆಚೆಗೂ ಹಾಸಿಕೊಂಡಿದೆ.

ಚಾಮರಾಜನಗರದ ಕಥೆ ಇದಕ್ಕೆ ತದ್ವಿರುದ್ಧ. ರಾಜ್ಯದೊಳಗಿನ ಅದರ ನೆರೆಯವರು ಮೈಸೂರು, ಮಂಡ್ಯ, ರಾಮನಗರ. ಮೂರರ ಸರಾಸರಿ 70.8, ರಾಜ್ಯದ ಜಿಲ್ಲೆಗಳ ಸರಾಸರಿಗಿಂತ ಕಡಿಮೆ. ಹಾಗಾಗಿ ಚಾಮರಾಜನಗರಕ್ಕೂ ಕಡಿಮೆಯ ನಡುವಿನ ಕಡಿಮೆ ಎಂಬ ಹಣೆಪಟ್ಟಿ ಬೀಳುತ್ತದೆ. ಆದರೆ ಗಡಿಯಾಚೆಯ ಧರ್ಮಪುರಿ, ಈರೋಡ್, ನೀಲಗಿರಿ, ವಯನಾಡ್ ಸೇರಿಸಿದರೆ ನೆರೆಯ ಸರಾಸರಿ 75.4ಕ್ಕೆ ಏರಿ ಹಣೆಪಟ್ಟಿ ತಿರುವುಮುರುವಾಗುತ್ತದೆ: ಹೆಚ್ಚಿನ ನಡುವಿನ ಕಡಿಮೆ. ಹೀಗೆ ನೋಡಿದರೆ ಚಾಮರಾಜನಗರ ಒಂದು ವಲಯದ ಭಾಗವಲ್ಲ, ಒಂಟಿ ಕುಳಿ.

ಇಷ್ಟಕ್ಕೇ ಖುಷಿಪಡಲು ನನಗೆ ಮನಸ್ಸಾಗಲಿಲ್ಲ. ವಯನಾಡು ನೀಲಗಿರಿಗಳ ಜೊತೆ ಚಾಮರಾಜನಗರದ ಗಡಿ ಇರುವುದು ಬಂಡೀಪುರದ ಕಾಡಿನಲ್ಲಿ. 2009ರಿಂದ ಆ ಹೆದ್ದಾರಿಯಲ್ಲಿ ರಾತ್ರಿ ಸಂಚಾರವೂ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಪೋಡಿನಲ್ಲಿರುವ ಸೋಲಿಗ ಹುಡುಗಿಗೆ ವಯನಾಡಿನ ಕಲ್ಪೆಟ್ಟದ ಶಾಲೆ ಯಾವ ಅರ್ಥದಲ್ಲಿ ನೆರೆ? ಆನೆಗೆ ಅದು ನೆರೆಹೊರೆ, ಅವಳಿಗಲ್ಲ. ಗಡಿ ತಾಗಿದೆ ಎಂದ ಮಾತ್ರಕ್ಕೆ ನಂಟು ಇದೆ ಎಂದಲ್ಲ. ಪುಸ್ತಕಗಳಲ್ಲಿ ಇದನ್ನು ತೂಕದ ಕೋಷ್ಟಕ ಎನ್ನುತ್ತಾರೆ: ಯಾರಿಗೆ ಯಾರು ಎಷ್ಟು ಹತ್ತಿರ ಎಂದು ಲೆಕ್ಕಕ್ಕೆ ಮೊದಲೇ ನಾವು ತುಂಬಿಕೊಡಬೇಕಾದ ಪಟ್ಟಿ. ನನ್ನ ಅನುಭವದಲ್ಲಿ ಬಡತನದ ನಕ್ಷೆಯ ಅರ್ಧ ತೀರ್ಮಾನ ಆ ಪಟ್ಟಿ ತುಂಬುವಾಗಲೇ ಆಗಿಹೋಗಿರುತ್ತದೆ, ಓದುಗನಿಗೆ ಮಾತ್ರ ಅದು ಕಾಣುವುದಿಲ್ಲ.

ಏಕೆ ಹೀಗೆ?

ಗುಂಪು ಇದೆ ಎಂದು ತೋರಿಸುವುದು ಸುಲಭದ ಕೆಲಸ. ಏಕೆ ಇದೆ ಎಂದು ಹೇಳುವುದು ಕಷ್ಟ.

ಪಕ್ಕಪಕ್ಕದ ಎರಡು ಹೊಲ ಒಣಗಿವೆ ಎಂದುಕೊಳ್ಳಿ. ಎರಡು ಕಾರಣ ಇರಬಹುದು. ಒಂದು, ಎರಡಕ್ಕೂ ಮಳೆ ಬಿದ್ದಿಲ್ಲ. ಇನ್ನೊಂದು, ಮೇಲಿನ ಹೊಲದ ಕಾಲುವೆ ಕಟ್ಟಿದ್ದರಿಂದ ಕೆಳಗಿನದಕ್ಕೂ ನೀರು ಇಳಿದಿಲ್ಲ. ಮೇಲಿನಿಂದ ನೋಡಿದರೆ ಎರಡೂ ಒಂದೇ ಥರ ಒಣಗಿದ ಹೊಲ. ಆದರೆ ಮದ್ದು ಬೇರೆ. ಎರಡನೆಯದರಲ್ಲಿ ಒಂದು ಕಡೆ ಕಾಲುವೆ ಬಿಡಿಸಿದರೆ ಇನ್ನೊಂದು ಕಡೆಗೂ ನೀರು ಹರಿಯುತ್ತದೆ. ಮೊದಲನೆಯದರಲ್ಲಿ ಒಂದಕ್ಕೆ ಕೊಡ ಹೊತ್ತು ಹಾಕಿದರೆ ಅದಷ್ಟೇ ಹಸಿರಾಗುತ್ತದೆ. ನೆರೆಹೊರೆಯನ್ನೂ ಸೇರಿಸಿ ಕಾರಣಗಳನ್ನು ಅಳೆಯುವ ಸ್ಪೇಶಿಯಲ್ ರಿಗ್ರೆಶನ್ನಿನಲ್ಲಿ ಎರರ್ ಮಾದರಿ, ಲ್ಯಾಗ್ ಮಾದರಿ ಎಂದು ಎರಡು ದಾರಿ ಇರುವುದು ಇದಕ್ಕೇ. ಎರರ್ ಮಾದರಿ ಮಳೆಯ ಕಥೆ, ಲ್ಯಾಗ್ ಮಾದರಿ ಕಾಲುವೆಯ ಕಥೆ.

ಮಳೆಯ ಕಥೆಯೊಳಗೆ ನಮ್ಮ ಕಡೆ ಮೊದಲು ಬರುವುದು ಇತಿಹಾಸ. 1948ರ ಸೆಪ್ಟೆಂಬರ್ 17ರವರೆಗೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕನ್ನಡದಲ್ಲಿ ಓದುವ ಅವಕಾಶ ಕಡಿಮೆ, ಶಾಲೆಗಳೂ ಕಡಿಮೆ. 1956ರಲ್ಲಿ ಭಾಷಾವಾರು ಹಂಚಿಕೆಯಾದಾಗ ಕಲಬುರಗಿ, ರಾಯಚೂರು, ಬೀದರ್ ಮೈಸೂರು ರಾಜ್ಯಕ್ಕೆ ಬಂದವು, ಮಹಬೂಬ್‌ನಗರ ಆಂಧ್ರಕ್ಕೆ ಹೋಯಿತು. ಹಿಂದುಳಿದದ್ದು ನಿಜಾಮರ ಕಾಲದಿಂದ ಎಂಬ ವಿವರಣೆ ಎಲ್ಲರ ಬಾಯಲ್ಲೂ ಇದೆ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಹಿಂದಿನ ವಾದವೂ ಬಹುಮಟ್ಟಿಗೆ ಇದೇ.

ವಾದ ಸುಳ್ಳಲ್ಲ. ಆದರೆ ಅಂಕಿ ಎದುರಿಗಿಟ್ಟರೆ ಅದು ಪೂರ್ತಿ ಸಾಲುವುದಿಲ್ಲ. ಬೀದರ್ ಕೂಡ ನಿಜಾಮರದ್ದೇ, ಅದರ ಸಾಕ್ಷರತೆ 70.51. ಕೊಪ್ಪಳ ಆಗ ರಾಯಚೂರಿನ ಭಾಗ, 68.09. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, 67.43. ವಿಜಯಪುರ ಮುಂಬೈ ಪ್ರಾಂತ್ಯದಲ್ಲಿತ್ತು, 67.15. ಅಂದರೆ ನಿಜಾಮರ ಎರಡು ಸೀಮೆಗಳು ಬ್ರಿಟಿಷರ ಎರಡು ಸೀಮೆಗಳನ್ನು 2011ರ ಹೊತ್ತಿಗೆ ಹಿಂದೆ ಹಾಕಿದ್ದವು. ಬರೀ ಅರಸೊತ್ತಿಗೆಯೇ ಕಾರಣವಾಗಿದ್ದರೆ ಹೀಗಾಗಬಾರದಿತ್ತು. 63 ವರ್ಷ ಕಳೆದ ಮೇಲೂ ಯಾದಗಿರಿಯೊಂದನ್ನು ಕೆಳಗೆ ಹಿಡಿದಿಟ್ಟ ಬೇರೆ ಏನೋ ಇರಬೇಕು.

ನೀರಾವರಿ ಇಲ್ಲದ್ದೇ ಕಾರಣ ಎನ್ನುವವರಿದ್ದಾರೆ. ಯಾದಗಿರಿ ವಿಷಯದಲ್ಲಿ ಈ ಮಾತು ಅಷ್ಟು ಸರಾಗವಾಗಿ ನಿಲ್ಲುವುದಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಎಡದಂಡೆ ಕಾಲುವೆ ಸುರಪುರ, ಶಹಾಪುರಗಳಲ್ಲೇ ಹರಿಯುತ್ತದೆ. ಅತ್ತ ತುಂಗಭದ್ರಾ ಎಡದಂಡೆಯಲ್ಲಿ ಗಂಗಾವತಿ, ಸಿಂಧನೂರು ಭತ್ತದ ಕಣಜವಾದವು. ಅದೇ ಕಾಲುವೆಯ ಕೊನೆಯ ಭಾಗದ ಮಾನ್ವಿ, ರಾಯಚೂರು ರೈತರು ವರ್ಷವರ್ಷವೂ ನೀರಿಗೆ ಗೋಗರೆಯುತ್ತಾರೆ. ಮಂಡ್ಯಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದು ಎಷ್ಟೋ ದಶಕ ಕಳೆದಿದ್ದರೂ 2011ರಲ್ಲಿ ಸಾಕ್ಷರತೆ 70.40. ಕರಾವಳಿಯಲ್ಲಿ ಇಂಥ ದೊಡ್ಡ ಕಾಲುವೆಗಳೇ ಇಲ್ಲ, ಸಾಕ್ಷರತೆ ಮಾತ್ರ ಮೇಲಿನ ತುದಿಯಲ್ಲಿ. ಇಡೀ ರಾಜ್ಯಕ್ಕೆ ಒಂದೇ ಸೂತ್ರ ಹಾಕಿ ನೀರಾವರಿ ಇಷ್ಟು ಹೆಚ್ಚಾದರೆ ಬಡತನ ಇಷ್ಟು ಇಳಿಯುತ್ತದೆ ಎಂದು ಬರೆದರೆ ಈ ಎಲ್ಲ ಊರುಗಳನ್ನೂ ಬೆರೆಸಿದ ಒಂದು ಅಂಕಿ ಬರುತ್ತದೆ, ಅದು ಯಾವ ಊರಿಗೂ ಹೊಂದುವುದಿಲ್ಲ. 1996ರಲ್ಲಿ ಬ್ರನ್ಸ್‌ಡನ್, ಫಾದರಿಂಗ್‌ಹ್ಯಾಮ್, ಚಾರ್ಲ್‌ಟನ್ ಮುಂದಿಟ್ಟ ಜಿಯಾಗ್ರಫಿಕಲಿ ವೆಯ್ಟೆಡ್ ರಿಗ್ರೆಶನ್ ಇದಕ್ಕೆ ಒಂದು ದಾರಿ. ಅದು ಪ್ರತಿ ಜಾಗಕ್ಕೂ ಹತ್ತಿರದ ಅಂಕಿಗಳಿಗೆ ಹೆಚ್ಚು ತೂಕ ಕೊಟ್ಟು ಅಲ್ಲಿನದೇ ಸೂತ್ರ ಬರೆಯುತ್ತದೆ. ಕಾಲುವೆಯ ತಲೆಗೆ ಒಂದು, ಬಾಲಕ್ಕೆ ಇನ್ನೊಂದು. 30 ಜಿಲ್ಲೆಗಳ ಮೇಲೆ ಅದನ್ನು ಓಡಿಸಿದರೆ ಬರುವ ಬಣ್ಣಬಣ್ಣದ ನಕ್ಷೆಯನ್ನು ನಾನು ನಂಬುವುದಿಲ್ಲ, ಅದಕ್ಕೆ ತಾಲ್ಲೂಕು ಅಥವಾ ಹೋಬಳಿ ಮಟ್ಟದ ಅಂಕಿ ಬೇಕು.

ನನ್ನ ಮಟ್ಟಿಗೆ ಯಾದಗಿರಿಯಲ್ಲಿ ಬಲವಾದ ಎಳೆ ಎರಡು. 2011ರಲ್ಲಿ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ 41ರಷ್ಟಿತ್ತು. ಅಂದರೆ ಇವತ್ತು ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಬಹಳ ಜನರ ತಾಯಂದಿರಿಗೆ ಓದು ಬಾರದು. ಇದು ಮಳೆಯ ಕಥೆ, ಇಡೀ ಸೀಮೆಯ ಮೇಲೆ ಬಿದ್ದದ್ದು ಅಥವಾ ಬೀಳದೆ ಹೋದದ್ದು. ಇನ್ನೊಂದು ಎಳೆ ಗುಳೆ, ಅದು ಕಾಲುವೆಯ ಕಥೆ. ಒಬ್ಬ ಮೇಸ್ತ್ರಿ ಒಂದೂರಿನಲ್ಲಿ ಮುಂಗಡ ಕೊಟ್ಟು ಹತ್ತು ಜೋಡಿಯನ್ನು ಕರೆದೊಯ್ಯುತ್ತಾನೆ. ಮರುವರ್ಷ ಆ ಹತ್ತು ಜೋಡಿ ಪಕ್ಕದೂರಿನ ತಮ್ಮ ಬೀಗರನ್ನು ಕರೆಯುತ್ತಾರೆ. ಮದುವೆ ಸಾಲ, ಆಸ್ಪತ್ರೆ ಸಾಲ, ಬೋರ್‌ವೆಲ್ ಸಾಲ ತೀರಿಸಲು ಊರಲ್ಲಿ ಬೇರೆ ದಾರಿ ಇಲ್ಲದಾಗ ದಾರಿ ತೋರಿಸುವುದು ನೆರೆಮನೆಯೇ. ಸಂಕ್ರಾಂತಿ ಆದ ಮೇಲೆ ಸುರಪುರದ ಕೆಲವು ದೊಡ್ಡಿ ತಾಂಡಾಗಳಿಗೆ ಹೋದರೆ ಸಾಲು ಸಾಲು ಬಾಗಿಲಿಗೆ ಬೀಗ, ಕಟ್ಟೆಯ ಮೇಲೆ ಮುದುಕರು, ಅವರ ಮಡಿಲಲ್ಲಿ ಕರೆದೊಯ್ಯಲಾಗದಷ್ಟು ಚಿಕ್ಕ ಕೂಸುಗಳು. ಗುಳೆ ಹೀಗೆ ಊರಿಂದೂರಿಗೆ ಹರಡುವುದಾದರೆ ತಡೆಯುವ ಕೆಲಸವನ್ನೂ ತಾಲ್ಲೂಕು ಪಟ್ಟಿ ಹಿಡಿದು ಬಿಡಿಬಿಡಿಯಾಗಿ ಮಾಡಿದರೆ ಆಗದು. ಒಂದು ತಾಂಡಾಕ್ಕೆ ಉದ್ಯೋಗ ಖಾತರಿ ಕೆಲಸ ಸಿಕ್ಕು ಪಕ್ಕದ ತಾಂಡಾಕ್ಕೆ ಸಿಗದಿದ್ದರೆ ಮೇಸ್ತ್ರಿಯ ಜೀಪು ಇಬ್ಬರ ಮನೆ ಮುಂದೆಯೂ ನಿಲ್ಲುತ್ತದೆ.

ಐನೂರು ಕಿಲೋಮೀಟರ್ ದೂರದ ನೆರೆ

ಮತ್ತೆ ರೈಲು ನಿಲ್ದಾಣದ ಆ ಹುಡುಗ. ವರ್ಷದಲ್ಲಿ ನಾಲ್ಕೈದು ತಿಂಗಳು ಅವನ ನೆರೆಹೊರೆ ರಾಯಚೂರೂ ಅಲ್ಲ, ಕಲಬುರಗಿಯೂ ಅಲ್ಲ. ಬೆಂಗಳೂರಿನ ಯಾವುದೋ ಕಟ್ಟಡದ ಪಕ್ಕದ ತಗಡಿನ ಶೆಡ್ಡು. ಹಾಗಾದರೆ ತೂಕದ ಕೋಷ್ಟಕದಲ್ಲಿ ಯಾದಗಿರಿ ಮತ್ತು ಬೆಂಗಳೂರು ನಗರವನ್ನು ನೆರೆ ಜಿಲ್ಲೆ ಎಂದು ಬರೆದರೆ ಏನಾಗುತ್ತದೆ?

ಗುಣಿಸಿ ನೋಡಿದೆ. −21.83ಕ್ಕೆ 14.01. ಬಂದದ್ದು −306. ಯಾದಗಿರಿ–ರಾಯಚೂರು ಜೋಡಿ ಕೊಟ್ಟದ್ದು +308. ಹೆಚ್ಚುಕಡಿಮೆ ಅಷ್ಟಕ್ಕಷ್ಟೇ, ಚಿಹ್ನೆ ಮಾತ್ರ ತಿರುಗಿದೆ. ಈ ಒಂದೇ ಜೋಡಿ ಸೇರಿಸಿದರೆ ಮೊರಾನ್ ಸಂಖ್ಯೆ 0.50ರಿಂದ 0.42ಕ್ಕೆ ಇಳಿಯುತ್ತದೆ. ಗಡಿ ನೋಡಿ ಬರೆದ ನಕ್ಷೆಯಲ್ಲಿ ಯಾದಗಿರಿ ಬಡವರ ನಡುವಿನ ಬಡ ಜಿಲ್ಲೆ. ರೈಲು ನೋಡಿ ಬರೆದ ನಕ್ಷೆಯಲ್ಲಿ ಅದು ರಾಜ್ಯದ ಅತಿ ಶ್ರೀಮಂತ ನಗರಕ್ಕೆ ಗೋಡೆ ಕಟ್ಟಿಕೊಡುವ ಜಿಲ್ಲೆ. ಎರಡೂ ನಿಜ. ಮೊದಲ ನಕ್ಷೆ ಹಿಡಿದವರು ಯಾದಗಿರಿಗೆ ಹಣ ಕೊಡಿ ಎನ್ನುತ್ತಾರೆ, ಸರಿಯಾದ ಮಾತೇ. ಎರಡನೆಯ ನಕ್ಷೆ ಹಿಡಿದವರು ಬೆಂಗಳೂರಿನ ಕಟ್ಟಡದ ಜಾಗದಲ್ಲಿ ಆ ಹುಡುಗನಿಗೆ ಕನ್ನಡ ಶಾಲೆ ಎಲ್ಲಿದೆ, ಅಂಗನವಾಡಿ ವಯಸ್ಸಿನ ಕೂಸುಗಳಿಗೆ ಊಟ ಎಲ್ಲಿದೆ, ಅಪ್ಪ-ಅವ್ವನಿಗೆ ಕಟ್ಟಡ ಕಾರ್ಮಿಕರ ಕಾರ್ಡು ಆಗಿದೆಯೇ ಎಂದೂ ಕೇಳಬೇಕಾಗುತ್ತದೆ. ಕಲ್ಯಾಣ ಕರ್ನಾಟಕಕ್ಕೆ ಮೀಸಲಾದ ಹಣ ಕಲ್ಯಾಣ ಕರ್ನಾಟಕದ ಗಡಿಯೊಳಗೇ ಖರ್ಚಾಗಬೇಕು, ಆ ಹಣ ಯಾರಿಗಾಗಿಯೋ ಆ ಜನ ಮಾತ್ರ ಗಡಿಯ ಹೊರಗಿದ್ದಾರೆ.

ಪ್ರಾದೇಶಿಕ ಅಸಮಾನತೆಯನ್ನು ಹೊಸದಾಗಿ ಅಳೆಯಲು ಸರ್ಕಾರ 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ ರಚಿಸಿತು. ಇಂಥ ಲೆಕ್ಕ ಮಾಡುವವರೆಲ್ಲರಲ್ಲಿ ನನ್ನ ಒಂದೇ ಕೋರಿಕೆ. ಹೊಸ ಸೂಚ್ಯಂಕ ಎಷ್ಟೇ ನಯವಾಗಿರಲಿ, ಅದರ ಜೊತೆಗೆ ಜನ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಎಂಬ ಪಟ್ಟಿಯನ್ನು ತೂಕದ ಕೋಷ್ಟಕವಾಗಿ ಇಡಿ. ಅದಕ್ಕೆ ಬೇಕಾದ ಮಾಹಿತಿ ಜನಗಣತಿಯಲ್ಲೇ ಇದೆ. ಹಿಂದೆ ಎಲ್ಲಿ ವಾಸವಿದ್ದಿರಿ, ಇಲ್ಲಿಗೆ ಬಂದು ಎಷ್ಟು ಕಾಲವಾಯಿತು, ಏಕೆ ಬಂದಿರಿ ಎಂದು 2011ರಲ್ಲಿ ಕೇಳಿದ್ದಾರೆ.

2011ರ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಮುಂದಿನದಕ್ಕೆ 2027ರ ಫೆಬ್ರವರಿ ನಿಗದಿಯಾಗಿದೆ. ಸಂಕ್ರಾಂತಿ ಆಗಿ ಮೂರ್ನಾಲ್ಕು ವಾರ.